ಸುಮ್ಮನಿರುವ ಲೆಕ್ಕ

ಮಂಗಳವಾರ ರಾತ್ರಿ ಎಂಟಕ್ಕೆ, ಬಂದರಿನ ಮೀನು ಹರಾಜುಕಟ್ಟೆಯಲ್ಲಿ,
ಪ್ಲಾಸ್ಟಿಕ್ಕು ಕುರ್ಚಿ ಹನ್ನೊಂದು, ನಾವು ಹದಿಮೂರು.
ಎಷ್ಟು ತೊಳೆದರೂ ನೆಲ ಮೀನೇ.
ಇಬ್ಬರು ಐಸುಪೆಟ್ಟಿಗೆ ಬೋರಲು ಹಾಕಿ ಕೂರುತ್ತಾರೆ,
ಅದರಲ್ಲೊಬ್ಬಳು ನಾನು, ಝುಲ್ಮಿರಾ,
ವಯಸ್ಸು ಐವತ್ತನಾಲ್ಕು, ದ್ವೀಪದ ಚೀಸು ಕಾರ್ಖಾನೆಯಲ್ಲಿ
ಗಾಲಿಯಷ್ಟಗಲದ ಮುನ್ನೂರು ಚೀಸನ್ನು
ದಿನವೂ ಮಗುಚಿ ಹಾಕುವವಳು.

ತೊಡೆಯ ಮೇಲೆ ಯೂಫೋನಿಯಂ, ಟ್ಯೂಬಾದ ತಂಗಿ.
ಊರ ದೊಡ್ಡ ಬ್ಯಾಂಡಿನವರು ಬೇಡವೆಂದು ಕೊಟ್ಟದ್ದು;
ಸೊಂಟದಲ್ಲಿ ನೆಗ್ಗು, ಎರಡನೇ ಕೀಲಿ ಒತ್ತಿದರೆ
ಮೇಲೆ ಬರುವ ಮುಂಚೆ ಯೋಚಿಸುತ್ತದೆ.
ಮೊದಲ ದಿನ ಊದಿದಾಗ ಬಂದದ್ದು
ಕರು ಹಾಕುವ ಹಸುವಿನ ದನಿ. ಯಾರೂ ನಗಲಿಲ್ಲ.
ಪೋಸ್ಟ್‌ಮನ್ ಗ್ವಾಲ್ತೆರ್ ತನ್ನ ಕ್ಲಾರಿನೆಟ್ಟಿನಿಂದ
ಅದಕ್ಕೂ ಕೆಟ್ಟದ್ದೊಂದನ್ನು ಹೊರಡಿಸಿ ಆಗಿತ್ತು.

ಕಲಿಸುವವಳು ನೊಯೆಮಿಯಾ, ಇಪ್ಪತ್ಮೂರರ ಹುಡುಗಿ.
ಅವಳ ತೊಟ್ಟಿಲಿಗೆ ಹೊದಿಕೆ ಹೆಣೆದವಳು ನಾನು.
ಈಗ ಅವಳೆನ್ನುತ್ತಾಳೆ: ತುಟಿ ಬಿಗಿಯಬೇಡಿ, ದೋನಾ ಝುಲ್ಮಿರಾ,
ಉಸಿರು ಹೊಟ್ಟೆಯಿಂದ ಬರಲಿ.
ಮೂವರನ್ನು ಹೆರುವಾಗಲೂ
ಇದನ್ನೇ ಹೇಳಿದ್ದಳು ಸೂಲಗಿತ್ತಿ.

ಮನೆಯಲ್ಲಿ ಒಬ್ಬಳೇ ನುಡಿಸಿದರೆ ಬರಿಯ ಗೊರಕೆ.
ಗೊತ್ತಿರುವುದು ಆರು ಸ್ವರ, ಆರೂ ಅನಾಥ.
ಇಲ್ಲಿ ಹದಿಮೂರು ಜನರ ತಪ್ಪು ಒಟ್ಟಿಗೆ ಕೂತು
ಒಂದಕ್ಕೊಂದು ಹೆಗಲು ಕೊಟ್ಟಾಗ
ಯಾವುದೋ ಒಂದು ಗಳಿಗೆಯಲ್ಲಿ
ಗೋಡೆಗೆ ತೂಗುಹಾಕಿದ ಮೀನಿನ ತಕ್ಕಡಿ
ತಾನಾಗಿ ಝುಂಯ್ ಎನ್ನುತ್ತದೆ.
ಅದಕ್ಕೇ ಬರುತ್ತೇವೆ. ಬೇರೆ ಕಾರಣವಿಲ್ಲ.

ಊದುವುದಲ್ಲ ಕಷ್ಟ, ಊದದಿರುವುದು.
ಈ ಮೆರವಣಿಗೆಯ ನಡಿಗೆಪದದ ನಟ್ಟನಡುವೆ
ನನ್ನ ಹಾಳೆಯಲ್ಲಿ ಒಂದು ದಪ್ಪ ಅಡ್ಡಗೆರೆ,
ಅದರ ನೆತ್ತಿಯ ಮೇಲೆ ಮೂವತ್ತೆರಡು.
ಅಂದರೆ ಮೂವತ್ತೆರಡು ಆವರ್ತ ಬಾಯಿ ಮುಚ್ಚಿಕೊಂಡಿರಬೇಕು.
ಒಂದು ಎರಡು ಮೂರು ನಾಲ್ಕು,
ಎರಡು ಎರಡು ಮೂರು ನಾಲ್ಕು,
ಮೂರು ಎರಡು ಮೂರು ನಾಲ್ಕು...
ಏಳಕ್ಕೆ ನಾಳೆಯ ಸೊಪ್ಪಿನ ಸಾರು ನೆನಪಾಗುತ್ತದೆ,
ಹನ್ನೆರಡಕ್ಕೆ ನಾದಿನಿ ಆಡಿದ ಮಾತು,
ಆಮೇಲೆ ಎಲ್ಲಿದ್ದೇನೋ.
ಪಕ್ಕದ ಟ್ಯೂಬಾ ಅಮಾರು, ಹಾಲಿನ ಲಾರಿ ಓಡಿಸುವವನು,
ಮೂವತ್ತೊಂದಕ್ಕೆ ಸರಿಯಾಗಿ
ತನ್ನ ಬೂಟಿನಿಂದ ನನ್ನ ಬೂಟು ತಟ್ಟುತ್ತಾನೆ.
ಎರಡು ವರ್ಷ ಹೀಗೇ ದಾಟಿದ್ದೇನೆ ಹೊಳೆ,
ಎತ್ತಿನ ಬಾಲ ಹಿಡಿದವಳ ಹಾಗೆ.

ಹೋದ ವಾರ ಅಮಾರು ಬರಲಿಲ್ಲ.
ಲಾರಿಯ ಆಕ್ಸಲ್ ಮುರಿದು
ಗುಡ್ಡದ ಮೇಲೆ ಮಂಜಿನಲ್ಲಿ ಹಾಲಿಗೆ ಕಾವಲು ನಿಂತಿದ್ದ.
ಅವನ ಖಾಲಿ ಕುರ್ಚಿಯ ಕಾಲ ಬಳಿ ನನ್ನ ಬೂಟು.
ಎಣಿಸಿದೆ.
ಚೀಸು ಮಗುಚುವ ಹಾಗೆ ಎಣಿಸಿದೆ,
ಒಂದೊಂದೇ ಆವರ್ತವನ್ನು ಎತ್ತಿ, ಬೆನ್ನು ತಟ್ಟಿ, ಮಗುಚಿ,
ಹಲಗೆಗೆ ಸೇರಿಸಿ, ಕೈ ಒರೆಸಿಕೊಂಡು ಮುಂದಿನದು.
ಮೂವತ್ತು. ಮೂವತ್ತೊಂದು.
ಮೂವತ್ತೆರಡು ಎರಡು ಮೂರು ನಾಲ್ಕು
ಊದಿದೆ.

ಬೇರೆ ಯಾರೂ ಊದಲಿಲ್ಲ.
ಟ್ರಾಂಬೋನಿನ ಇಬ್ಬರು ಇಷ್ಟು ದಿನ
ನನ್ನನ್ನು ನೋಡಿಯೇ ಎತ್ತುತ್ತಿದ್ದರಂತೆ;
ಬೂಟಿಲ್ಲದ ನನ್ನನ್ನು ಅವತ್ತು ನಂಬಲಿಲ್ಲ.
ಒಂದು ಇಡೀ ಆವರ್ತ ನಾನೊಬ್ಬಳೇ,
ಹರಾಜುಕಟ್ಟೆಯ ತುಂಬ ನೆಗ್ಗು ಬಿದ್ದ ನನ್ನ ಸ್ವರ.
ಕೆಟ್ಟೆ ಅಂದುಕೊಂಡೆ.
ನೊಯೆಮಿಯಾಳ ಬಲಗೈ ನಿಲ್ಲಲಿಲ್ಲ.
ಎಡಗೈ ಮಾತ್ರ ಅವರ ಕಡೆ ಮೆಲ್ಲಗೆ ತೆರೆಯಿತು,
ಬಾಗಿಲು ತೆಗೆದು ನಿಂತವರ ಹಾಗೆ.
ಮುಂದಿನದಕ್ಕೆ ಟ್ರಾಂಬೋನು, ಅದರ ಮುಂದಿನದಕ್ಕೆ ಗ್ವಾಲ್ತೆರ್,
ಕಂಚಿನ ತಾಳದ ಎದುವಾರ್ದಾ
ಎಂದಿನಂತೆ ಅರ್ಧ ತಡ.

ಇವತ್ತು ಅಮಾರು ಬಂದಿದ್ದಾನೆ, ಉಗುರಲ್ಲಿ ಗ್ರೀಸು.
ಯಾರೂ ಅವನಿಗೆ ಏನೂ ಹೇಳಿಲ್ಲ.
ದಪ್ಪ ಗೆರೆ ಬಂತು. ಅವನು ಎಣಿಸುತ್ತಿದ್ದಾನೆ, ನಾನೂ.
ವಾರವಿಡೀ ನಿದ್ದೆಗೆಟ್ಟಿದ್ದಕ್ಕೋ ಏನೋ
ಮೂವತ್ತಕ್ಕೇ ತಟ್ಟಿತು ಅವನ ಬೂಟು.
ನನ್ನ ಬೂಟು ತಿರುಗಿ ತಟ್ಟಿತು:
ಅವಸರ ಬೇಡ, ಇನ್ನೂ ಒಂದಿದೆ,
ತಾಳು.