ಉಳಿದ ದಿನ ಮೂರು

ಪರದೆಯ ಮೂಲ್ಯಾಗ ಹಳದಿ ಚೌಕ ಮತ್ತ ಎದ್ದೈತಿ:
ನಿಮ್ಮ ರಕ್ಷಣೆ ಮುಗಿಯಲು ಉಳಿದ ದಿನ ಮೂರು.
ವಿಮಾದವರೂ ಇಷ್ಟು ಖಡಾಖಡಿ ಹೇಳಂಗಿಲ್ಲ.

ಬೆಟಗೇರಿಯ ಈ ಓಣ್ಯಾಗ, ಬಾಜೂ ಮನಿ ಮಗ್ಗದ ಸಪ್ಪಳದಾಗ,
ಹನ್ನೊಂದು ವರ್ಷದಿಂದ ಪಡಸಾಲಿ ಮೂಲಿ ಹಿಡದು ಕುಂತು
ಗದಗಿನ ಪ್ರೆಸ್ಸಿನವರಿಗೆ ಅಕ್ಷರ ಜೋಡಿಸಿ ಕೊಡತೀನಿ:
ಲಗ್ನಪತ್ರಿಕಿ, ಬಿಲ್ ಬುಕ್ಕು, ಬಾಡಿಗಿ ಕರಾರು,
ತೀರಿಕೊಂಡವರ ಹನ್ನೊಂದನೇ ದಿನದ ಕಾರ್ಡು.
ನನ್ನ ಕಂಪ್ಯೂಟರಿನ್ಯಾಗ ಕದಿಯೂವಂಥಾದ್ದು ಏನೈತಿ?
ಯಾರದೋ ಮಗಳ ಮುಹೂರ್ತ, ಊಟದ ವ್ಯಾಳೆ,
ಕಲ್ಯಾಣ ಮಂಟಪಕ್ಕ ಹೋಗೂ ದಾರಿ.
ಕಳ್ಳ ಬಂದರ ಬರಲಿ, ಉಂಡು ಹೋಗಲಿ.

ಹಿಂಗಂದಿದ್ದಕ್ಕ ಖಾಜೇಸಾಬ ನಗಲಿಲ್ಲ.
ಸ್ಟೇಷನ್ ರೋಡಿನ ಅಂಗಡ್ಯಾಗ ಹೊಟ್ಟಿ ಬಿಚ್ಚಿದ ಸಿಪಿಯು ಮುಂದ
ಬ್ರಷ್ಷಿನಿಂದ ಧೂಳಿ ಝಾಡಿಸಿಕೋಂತ ಅಂದ:
"ಅವರು ನಿಮ್ಮ ಸಾಮಾನಿಗೆ ಬರೂದಿಲ್ಲರೀ ಅಕ್ಕಾರ,
ನಿಮ್ಮ ಮನಿ ಕಟ್ಟಿಗೆ ಬರತಾರ.
ಅಲ್ಲೇ ಕುಂತು ಮಂದಿ ಮನಿಗೆ ಕಲ್ಲ ಒಗೀತಾರ."
ಅಂದು, ಎಂಟನೂರಾ ಐವತ್ತರ ರಸೀದಿ ಹರದ.

ಹಾಕಿಸಿದೆ. ಹಸರು ಟಿಕ್ಕು ಬಂತು.
ಎರಡನೇ ದಿನಕ್ಕ ಅದು ತನ್ನ ಮೊದಲ ಕಳ್ಳನ್ನ ಹಿಡೀತು:
ಕನ್ನಡ ಟೈಪ್ ಮಾಡೂ ನನ್ನ ಹಳೇ ತಂತ್ರಾಂಶ!
ಒತ್ತಿದ ಕೀಲಿಯನ್ನೆಲ್ಲಾ ಕದ್ದು ಕೇಳತೈತಿ ಅಂತ ಆಪಾದನಿ.
ಹೌದಲ್ಲ, ಅದರ ಕೆಲಸಾನ ಅದು,
ಕೇಳಿಸಿಕೊಂಡು ಕ ಅಂತ ಬರಿಯೂದು.
ವಿಚಾರಣಿ ಇಲ್ಲ, ಸಾಕ್ಷಿ ಇಲ್ಲ, ಸೀದಾ ಕತ್ತಲಕೋಣಿ.
ಜೋಡಿಗೆ ಅಕ್ಷರಾನೂ ಹೋದುವು. ಚಿ. ಸೌ. ಕಸ್ತೂರಿ ಇದ್ದಲ್ಲೆ
ಬಾಲ, ಬೊಟ್ಟು, ಗೀರು, ಮುರಕ ಸುಳಿ.
ಹೆಸರಿಲ್ಲದ ಮದಿಮಗಳ ಮುಂದ
ಪ್ರೆಸ್ಸಿನ ಬಸಲಿಂಗಪ್ಪ ಸಂಜೀತನಕ ನಿಂತಿದ್ದ.

ಮರು ವರ್ಷ ಸಿಟ್ಟಿಗೆ ಬಿಟ್ಟೆ. ಏನೂ ಆಗಲಿಲ್ಲ.
ಶ್ರಾವಣ ಹೋತು, ದೀಪಾವಳಿ ಹೋತು, ಏನೂ ಆಗಲಿಲ್ಲ.
ಬಾಗಲಿಗೆ ಕಟ್ಟಿದ ಬೂದಗುಂಬಳ ಬಿಚ್ಚಿ ಇಟ್ಟರೂ
ಮನಿ ನಿಂತೇ ಇರತೈತಲ್ಲ, ಹಂಗ.

ಆಮ್ಯಾಲ ಮಾಘ, ಮದವಿ ಸುಗ್ಗಿ.
ಒಂದು ಪೆನ್ ಡ್ರೈವು,
ನಾಕು ಪ್ರೆಸ್ಸು ತಿರಿಗಿ, ನಾಕೂ ಕಡೆ ಚಾ ಕುಡದು ಬಂದಿತ್ತು.
ಹಚ್ಚಿದೆ.
ಫೋಲ್ಡರುಗಳೆಲ್ಲಾ ತಮ್ಮ ತಮ್ಮ ನೆರಳಾಗಿ ಕುಂತುವು:
ಹೆಸರೈತಿ, ತೆಗದರ ಒಳಗ ಯಾರೂ ಇಲ್ಲ.

ಅದರಾಗ ಒಂದು ನನ್ನ ತಮ್ಮನದು,
ಮೋಟರ್ ರಿವೈಂಡಿಂಗ್ ಮಾಡತಿದ್ದ ಮಹಾಂತನದು,
ಹನ್ನೊಂದನೇ ದಿನದ್ದು. ನಾನಽ ಟೈಪ್ ಮಾಡಿದ್ದೆ.
ಫೋಟೋದ ಅಂಚು ಹದಾ ಮಾಡಾಕ ಎರಡು ತಾಸು ಹಿಡದಿತ್ತು.
ಗದ್ದಕ್ಕ ಹತ್ತಿದ ಗ್ರೀಸಿನ ಕಲಿ
ಅಳಿಸಿದ್ದೆ. ಮತ್ತ ತಂದಿದ್ದೆ.
ಮತ್ತ ಅಳಿಸಿ ಮತ್ತ ತಂದು, ಇರಲಿ ಅಂತ ಬಿಟ್ಟಿದ್ದೆ.

ಕದಿಯೂವಂಥಾದ್ದು ಏನೈತಿ ಅಂದಿದ್ದೆನಲ್ಲ.

ಖಾಜೇಸಾಬ ಮೂರು ರಾತ್ರಿ ಕುಂತು ಬಹಳಷ್ಟು ಹೊರಗ ತೆಗದ,
ಯಾರ್ಯಾರದೋ ಮದವಿ, ಯಾವ್ಯಾವದೋ ಬಿಲ್ಲು.
ಅದೊಂದು ಸಿಗಲಿಲ್ಲ. ರೊಕ್ಕಾ ಇಸಕೊಳ್ಳಲಿಲ್ಲ.
ಅಚ್ಚಾದ ಒಂದು ಪ್ರತಿ ಟ್ರಂಕಿನ ತಳದಾಗೈತಿ;
ಅದಕ್ಕ ಒರಲಿ ಹತ್ತಬಾರದಂತ
ಬೇವಿನ ಎಲಿ ಹಾಸೀನಿ. ಬೇವಿನ ಎಲಿಗೆ ಪುಕ್ಕಟ ವರ್ಷಾ ವರ್ಷಾ.

ಬೇಕೋ ಬ್ಯಾಡೋ ಅಂತ ಎದುರು ಮನಿ ಶಂಕ್ರವ್ವ ಕೇಳತಾಳ,
ಮೊಮ್ಮಗಗ ಹೊಸಾದು ಕೊಡಿಸ್ಯಾರಂತ.
ಏನ ಹೇಳಲಿ? ಹೂಂ ಅಂದರೂ ಸುಳ್ಳು ಬೆರೀತೈತಿ,
ಉಹೂಂ ಅಂದರೂ.

ಹಳದಿ ಚೌಕ ಇನ್ನೂ ನನ್ನ ಮಾರಿನಽ ನೋಡಾಕತ್ತೈತಿ.
'ನಂತರ ನೆನಪಿಸು' ಒತ್ತತೀನಿ. ಸಂಜಿಗೆ ಕಟ್ಟತೀನೇನೋ.
ಬಾಗಲಾಗ ಬಸಲಿಂಗಪ್ಪನ ಹುಡುಗ,
ಬೆವತ ಅಂಗೈಯಾಗ ಪೆನ್ ಡ್ರೈವು.
ಇಸಕೊಂಡು ಸೆರಗಿಲೆ ಒರಸತೀನಿ.
ಒರಸಿದರ ಹೋಗೂ ಹೊಲಸಲ್ಲ ಅದು, ಗೊತ್ತೈತಿ.
ಇನ್ನೊಮ್ಮೆ ಒರಸತೀನಿ.