ಸೋರಿಕೆ ಕಳೆದು

ಏಳು ಮಾನದಂಡಕ್ಕೆ ಏಳು ಬಣ್ಣದ ಫೈಲು.
ನನ್ನ ಪಾಲಿಗೆ ಬಂದದ್ದು ವಿದ್ಯಾರ್ಥಿ ಅಭಿಪ್ರಾಯ:
ನಾನೂರ ಹನ್ನೆರಡು ಫಾರಂ, ಶುಕ್ರವಾರದೊಳಗೆ.
ಮಕ್ಕಳು ಓದುವ ರಜೆಯಲ್ಲಿದ್ದರು.
"ನೀವೇ ತುಂಬಿಬಿಡಿ ಮೇಡಂ," ಅಂದರು ಸಂಚಾಲಕರು,
"ಅಕ್ಷರ ಮಾತ್ರ ಒಂದೇ ಥರ ಇರಬಾರದು."

ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ ಐದು ಪೆನ್ನು ಕೊಂಡೆ.
ಎಡಕ್ಕೆ ವಾಲಿಸಿ ಬರೆದೆ, ಬಲಕ್ಕೆ ವಾಲಿಸಿ ಬರೆದೆ,
ಹುಡುಗರ ಹಾಗೆ ಒತ್ತಿ, ದೀರ್ಘ ಮರೆತು.
ಅಲ್ಲಲ್ಲಿ 'ಸಾಧಾರಣ'ಕ್ಕೂ ಟಿಕ್ ಹಾಕಿದೆ,
ಎಲ್ಲ ಅತ್ಯುತ್ತಮವಾದರೆ ಯಾರು ನಂಬುತ್ತಾರೆ.
ನನ್ನ ಪಾಠಕ್ಕೆ ನಾನೇ ಅಂಕ ಕೊಟ್ಟುಕೊಂಡೆ:
ಮೊದಮೊದಲು ಐದಕ್ಕೆ ಮೂರು,
ರಾತ್ರಿ ಹನ್ನೊಂದರ ಮೇಲೆ ನಾಲ್ಕು.

ಆ ವಾರ ಶೌಚಾಲಯಕ್ಕೆ ಚಿಲಕ ಬಂತು.
ಕಾಂಪೌಂಡಿಗೆ ಬಳಿದ ಹಳದಿ ಒಣಗುವ ಮೊದಲೇ
ಎಮ್ಮೆಯೊಂದು ಪಕ್ಕೆಗೆ ಹಚ್ಚಿಕೊಂಡು ಹೋಯಿತು.
ಮೈಸೂರಿನ ಖಾಸಗಿ ಕಾಲೇಜಿಂದ
ಇಪ್ಪತ್ತು ಹೊಸ ಬ್ಯೂರೆಟ್ಟು, ಎರವಲು,
ಒಣಹುಲ್ಲಿನ ಪೆಟ್ಟಿಗೆಯಲ್ಲಿ, ರಶೀದಿ ಸಮೇತ.
ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತವು.
ಬೀಗದ ಕೈ ಅಟೆಂಡರ್ ಚೆಲುವಮ್ಮನ ಸೆರಗಿನ ಗಂಟಿಗೆ.
"ಮುಟ್ಬೇಡಿ ಕಣ್ರಪ್ಪ, ಲೆಕ್ಕ ಕೊಡೋಳು ನಾನು."

ತಂಡ ಬರುವ ದಿನ ನಲವತ್ತು ಜನರನ್ನು ಕರೆಸಿದೆವು,
ಕೈಗೆ ಹಳೆ ಬ್ಯೂರೆಟ್ಟು ಕೊಟ್ಟೆವು.
ಮೂವತ್ತೊಂಬತ್ತು ಜನ 10.4 ಅಂತ ಬರೆದರು.
ನಾಲ್ಕು ವರ್ಷದಿಂದ ಆ ಸಂಖ್ಯೆ
ರೆಕಾರ್ಡಿನಿಂದ ರೆಕಾರ್ಡಿಗೆ
ಮನೆತನದ ಮೂಗಿನ ಹಾಗೆ ಇಳಿದು ಬಂದಿದೆ.

ಹಿರೇಮರಳಿಯ ಬೆಟ್ಟಸ್ವಾಮಿ ಎದ್ದು ಬಂದ,
ಬೆರಳ ತುದಿಯೆಲ್ಲ ಪರ್ಮಾಂಗನೇಟಿನ ಕಂದು.
"ತಿರುಪು ಸೋರ್ತದೆ ಮೇಡಂ.
ನಿಮಿಷಕ್ಕೆ ಒಂಬತ್ತು ಹನಿ, ಮೂರು ಸಲ ಎಣಿಸ್ದೆ.
ಓದಿದ್ದು ಹನ್ನೆರಡು, ಹೊರಗೋಗಿದ್ದು ಪಾಯಿಂಟ್ ಒಂಬತ್ತು.
ಕಳೆದ್ರೆ ಹನ್ನೊಂದು ಪಾಯಿಂಟ್ ಒಂದು ಬತ್ತದೆ.
ಎಲ್ಲಾರ್ದೂ ಹತ್ತು ಪಾಯಿಂಟ್ ನಾಕು.
ನಂದು ತಪ್ಪಾ?"

ದ್ರಾವಣ ಈ ಸಲ ಹೊಸದು,
ಹಿಂದಿನ ಸಂಜೆ ನಾನೇ ತೂಗಿ ಕಲಸಿದ್ದು.
ಹನ್ನೊಂದು ಪಾಯಿಂಟ್ ಒಂದು ಎಂಬುದು
ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅಷ್ಟರಲ್ಲಿ ಶೂಗಳ ಸದ್ದು, ಕ್ಯಾಮೆರಾ.
ತಂಡದ ಅಧ್ಯಕ್ಷರು ಬೀರುವಿಗೆ ತಲೆದೂಗಿದರು.
ಪ್ರಾಂಶುಪಾಲರು ಎಳನೀರಿನ ಸುದ್ದಿ ತೆಗೆದರು.
ನಾಲ್ಕೇ ನಿಮಿಷ;
ಬೆಟ್ಟಸ್ವಾಮಿಯ ಲೆಕ್ಕದಲ್ಲಿ ಮೂವತ್ತಾರು ಹನಿ.

ಅವನಿಗೊಂದು ಖಾಲಿ ಫಾರಂ ಕೊಟ್ಟೆ.
ಸಲಹೆಯ ಜಾಗದಲ್ಲಿ ಬರೆದ:
ತಿರುಪಿಗೆ ವ್ಯಾಸಲೀನ್ ಹಚ್ಚಿದರೆ ನಿಲ್ಲುತ್ತದೆ.
ನಮ್ಮ ಮನೆಯಲ್ಲಿ ಅರ್ಧ ಡಬ್ಬಿ ಇದೆ. ತರಲಾ?

ನಾನು ಬರೆದದ್ದೊಂದನ್ನು ಹರಿದು
ಅದರ ಜಾಗಕ್ಕೆ ಇದನ್ನಿಟ್ಟೆ. ಇನ್ನೂರ ಏಳನೆಯದು.
ಆ ಫೈಲನ್ನು ಯಾರೂ ಬಿಚ್ಚಲಿಲ್ಲ.

ಬಿ ಪ್ಲಸ್ ಬಂತು. ಗೇಟಿಗೆ ಬ್ಯಾನರು ಕಟ್ಟಿದ್ದಾರೆ.
ಗ್ರೇಡಿಗೆ ಐದು ವರ್ಷದ ಆಯಸ್ಸು,
ಅತಿಥಿ ಉಪನ್ಯಾಸಕಿಗೆ ಹತ್ತು ತಿಂಗಳು.
ನನ್ನ ಕೊನೆಯ ದಿನ ಚೆಲುವಮ್ಮ
ಬೀರು ತೆಗೆದು, ಎರಡು ಸಲ ಎಣಿಸಿ,
ಇಪ್ಪತ್ತನ್ನೂ ಹುಲ್ಲಿಗೆ ಮಲಗಿಸುತ್ತಿದ್ದಳು.

ಕಿಟಕಿಯ ಬಳಿ ಹಳೆಯದೊಂದು ಸ್ಟ್ಯಾಂಡಿನಲ್ಲೇ ಇತ್ತು,
ಕತ್ತಿನತನಕ ನೇರಳೆ ತುಂಬಿಕೊಂಡು.
ಕೆಳಗಿನ ಬಿಳಿ ಟೈಲು ಒಣಗಿತ್ತು.
ತಿರುಪು ಮುಟ್ಟಿ ನೋಡಿದೆ.
ಬೆರಳಿಗೆ ಜಿಡ್ಡು ಹತ್ತಿತು.