ಮೊದಲು, ನಂತರ

ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ
ಒದ್ದೆ ಗೋಣಿಚೀಲ ಇಳಿಸುತ್ತಾಳೆ ಹೊನ್ನಾಜಮ್ಮ.
ಸಾಲಗಾಮೆ ಕಡೆಯ ಆಟೋ, ಹಿಂದಿನ ಸೀಟು ಬಿಚ್ಚಿ
ತುಂಬಿದ ಹನ್ನೊಂದು ಚೀಲ ಒಂದೆಲಗ.
ನೀರು ಸೋರುತ್ತದೆ, ಜೊತೆಗೆ ಕೆರೆಯಂಚಿನ ವಾಸನೆ,
ಎರಡೋ ಮೂರೋ ಬಸವನಹುಳು,
ಒಂದು ಸಲ ಯಾರದೋ ಕಾಲುಂಗುರ.

ತೂಕಕ್ಕೆ ಮುಂಚೆ ನೀರು ಬಸಿಯಬೇಕು ಅಂತ ಕಂಪನಿ.
ಹೊತ್ತು ತಂದವಳು ನಾನು, ನೀರನ್ನೂ ತೂಗಿ ಅಂತ ಅವಳು.
ದಿನಾ ಇದೇ ಜಗಳ,
ದಿನಾ ಕಾಲು ಕೆಜಿಗೆ ರಾಜಿ.

ನನ್ನದು ಒಳಗಿನ ಕೆಲಸ.
ಬೇರು ಕಳೆದು, ತೊಳೆದು, ಒಣಗಿಸಿ, ಪುಡಿಮಾಡಿ,
ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಉಕ್ಕಿನ ಹಂಡೆಯಿಂದ
ಅದರ ಸತ್ವ ಇಳಿಸುವುದು.
ಮೊದಲು ಇಳಿಯುವುದು ಕಡುಹಸಿರು.
ಬಣ್ಣ ತೆಗೆಯಬೇಕು. ತೆಗೆಯುತ್ತೇವೆ.
ವಾಸನೆ ತೆಗೆಯಬೇಕು. ಅದನ್ನೂ.
ಮುಖಕ್ಕೆ ಹಚ್ಚೋದು ತಾನೆ, ಸೊಪ್ಪಿನ ವಾಸನೆ ಇದ್ದರೇನು
ಅಂತ ಕೇಳಿದ್ದೆ ಒಮ್ಮೆ.
ಕೆಮಿಸ್ಟು ರೇವಣಾರಾಧ್ಯರು ನಕ್ಕು ಕನ್ನಡಕ ಒರೆಸಿಕೊಂಡರು.
ಆಟೋ ತುಂಬ ಕೆರೆಯಂಚು, ಕೊನೆಗೆ
ನನ್ನ ಬುತ್ತಿ ಡಬ್ಬಿಗೆ ಹಿಡಿಸುವಷ್ಟು ಬಿಳಿ ಪುಡಿ.
ಹೆಸರೂ ಬೇರೆ. ಓದಲು ಹೋದರೆ ನಾಲಿಗೆ ತೊಡರುತ್ತದೆ.

ಹೋದ ಆಷಾಢದಲ್ಲಿ ವಾಲ್ವು ಸಡಿಲಾಗಿ
ಹಬೆ ನನ್ನ ಮುಂಗೈ ನೆಕ್ಕಿತು.
ಉಳಿದ ಕಲೆ ಥೇಟ್ ಹಾಸನ ಜಿಲ್ಲೆಯ ನಕಾಶೆ
ಅಂತ ಪ್ಯಾಕಿಂಗ್ ಹುಡುಗಿಯರ ತಮಾಷೆ.
ಮೊಣಕೈ ಕಡೆ ಅರಸೀಕೆರೆ,
ಮಣಿಕಟ್ಟಿನ ಕಡೆ ಅರಕಲಗೂಡು,
ಅದರ ಪಕ್ಕ, ಜಿಲ್ಲೆಯ ಗಡಿಯಾಚೆ,
ಹುಟ್ಟಿನಿಂದ ಬಂದ ಎಳ್ಳಿನಷ್ಟು ಮಚ್ಚೆ.

ಜಾಹೀರಾತಿನ ಹುಡುಗ ಬಂದ.
ಪ್ಲಾಸ್ಟಿಕ್ ಅಡಿಕೋಲು ಕಲೆಯ ಪಕ್ಕ ಇಟ್ಟು
"ಅಕ್ಕ, ಕೈ ಅಲ್ಲಾಡಿಸ್ಬೇಡಿ" ಅಂದು
ಫೋಟೋ ಹೊಡೆದ, ಬಿಳಿ ಟ್ಯೂಬು ಕೊಟ್ಟ:
ದಿನಕ್ಕೆರಡು ಸಲ, ಎಂಟು ವಾರ.
ಹಚ್ಚಿದೆ.
ಸುಳ್ಳೇಕೆ, ತುರಿಕೆ ನಿಂತಿತು,
ಅಂಚು ಮೆತ್ತಗಾಯಿತು.
ಹಾಸನ ಇದ್ದಲ್ಲೇ ಇತ್ತು.
ಒಂಬತ್ತನೇ ವಾರ ಅಡಿಕೋಲು ಹಿಡಿದು ಯಾರೂ ಬರಲಿಲ್ಲ.

ದೀಪಾವಳಿಗೆ ಸ್ವೀಟ್ ಬಾಕ್ಸಿನ ಜೊತೆ
ನುಣುಪು ಕಾಗದದ ಕರಪತ್ರ ಬಂತು.
ಎಡಗಡೆ 'ಮೊದಲು': ನಾನೇ, ಅರಸೀಕೆರೆ ಸಮೇತ.
ಬಲಗಡೆ 'ನಂತರ': ಬೆಣ್ಣೆ ಸವರಿದಂಥ ಕೈ.
ಕಲೆ ಹೋಗಿದೆ. ಸರಿ.
ಮಚ್ಚೆ ಎಲ್ಲಿ?
ಮೂವತ್ತು ವರ್ಷದ ಬಳೆಯ ಗುರುತೆಲ್ಲಿ?
ಬೆರಳುಗಳು ಕೂಡ ಉದ್ದವಾಗಿವೆ, ಎಂಟು ವಾರದಲ್ಲಿ.

ಹೊನ್ನಾಜಮ್ಮನಿಗೆ ತೋರಿಸಿದೆ. ಅಕ್ಷರ ಬರದು.
ಆದರೆ ಕೈ ಬರುತ್ತದೆ.
"ಇದು ನಿಂದು," ಅಂದಳು ಎಡಕ್ಕೆ ಉಗುರಿಟ್ಟು.
"ಇದು ಯಾವತ್ತೂ ಸೊಪ್ಪು ಕೀಳದೋಳ ಕೈ."
ಟ್ಯೂಬು ಹಿಂಡಿ ಮೂಸಿದಳು,
ಇನ್ನೊಮ್ಮೆ ಮೂಸಿದಳು:
"ಕೆರೆ ಎಲ್ಲೋಯ್ತವ್ವ?"

ನಲವತ್ತು ವರ್ಷ ಅದೇ ಎಲೆಯ ರಸ ಕುಡಿದ
ಅವಳ ಬೆರಳ ತುದಿ ಇವತ್ತಿಗೂ
ನೆಲದಿಂದ ಈಗಷ್ಟೇ ಕಿತ್ತ ಆಲೂಗಡ್ಡೆಯ ಹಾಗೆ,
ಸೀಳು, ಸೀಳಿನಲ್ಲಿ ಮಣ್ಣು.
ಇದರ ಬಗ್ಗೆ ರೇವಣಾರಾಧ್ಯರನ್ನು ಕೇಳಬೇಕು ಅಂದುಕೊಂಡೆ.
ಕೇಳಲಿಲ್ಲ.

ಹೋಗುವಾಗ ಚಟ್ನಿಗೆ ಇರಲಿ ಅಂತ
ನನ್ನ ಚೀಲಕ್ಕೆ ಎರಡು ಹಿಡಿ ತುರುಕಿದಳು.
ತೂಕ ಮಾಡದ್ದು.

ಸಂಜೆ ಗೇಟಿನಲ್ಲಿ ತಪಾಸಣೆ.
ಕಾವಲಿನ ಚೆಲುವೇಗೌಡ ಬುತ್ತಿ ಡಬ್ಬಿ ತೆಗೆಸಿದ,
ಅದರಡಿಯ ಹಸಿರು ಕಂಡು ಹುಬ್ಬು ಗಂಟಿಕ್ಕಿದ:
"ಇದು ಕಂಪನಿದಾ?"
ಬಾಯಿ ತೆರೆಯುವಷ್ಟರಲ್ಲಿ
ಒಂದೆಲೆ ಹೊಸಕಿ ಮೂಗಿಗೆ ಹಿಡಿದ.

"ವಾಸನೆ ಐತೆ.
ಕಂಪನಿದಲ್ಲ. ಹೋಗಿ."